ಕಾಯಿ ಕಡಿಯದ ಮಿಸ್

ನಾನು ಈಗ ನಡೆಯುತ್ತೇನೆ. ಕೋಲು ಹಿಡಿದು, ಸ್ವಲ್ಪ ಬಾತುಕೋಳಿಯ ಹಾಗೆ ಓಲಾಡಿಕೊಂಡು, ಆದರೂ ನಡೆಯುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮಲಗಿದ್ದ ದಿನಗಳಲ್ಲಿ ಇಂಥ ಬರಹ ಏನು ಕೈಗೆ ಸಿಕ್ಕಿದರೂ ನಾನು ಸೀದಾ ಕೊನೆಗೆ ಹಾರಿ, ಬರೆದವರು ಎದ್ದು ನಿಂತರೋ ಇಲ್ಲವೋ ನೋಡಿಕೊಂಡು, ಆಮೇಲೆ ಶುರುವಿನಿಂದ ಓದುತ್ತಿದ್ದೆ. ನಿಮಗೆ ಆ ತಾಪತ್ರಯ ಬೇಡ.

ಬನಶಂಕರಿಯ ಒಂದು ಶಾಲೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಗಣಿತ ಹೇಳಿಕೊಡುತ್ತಿರುವವಳು ನಾನು. ಅದು ದಸರಾ ರಜೆ ಮುಗಿದ ಮೊದಲ ವಾರ. ಏಳನೇ ತರಗತಿಯ ಪಾಠ ಮುಗಿಸಿ ಸ್ಟಾಫ್ ರೂಮಿನ ಕಡೆ ಹೊರಟಿದ್ದೆ. ಹಿಂದಿನಿಂದ ಒಬ್ಬ ಹುಡುಗಿ ಓಡಿ ಬಂದಳು. "ಮಿಸ್, ನಿಮ್ಮ ಒಂದು ಚಪ್ಪಲಿ ಕ್ಲಾಸಲ್ಲೇ ಬಿಟ್ಬಿಟ್ಟಿದೀರ!" ನೋಡಿಕೊಂಡರೆ ಎಡಗಾಲಿನಲ್ಲಿ ಚಪ್ಪಲಿ ಇಲ್ಲ. ಅಷ್ಟು ದೂರ ಬರಿಗಾಲಲ್ಲಿ ನಡೆದು ಬಂದಿದ್ದೇನೆ, ಕಾಲಿಗೆ ಗೊತ್ತೇ ಆಗಿಲ್ಲ. ಇಬ್ಬರೂ ನಕ್ಕೆವು. ಸಂಜೆಯ ಹೊತ್ತಿಗೆ ಎರಡೂ ಪಾದ ಜುಮುಜುಮು ಎನ್ನತೊಡಗಿದವು. ಮೂರನೇ ದಿನ ಬಚ್ಚಲುಮನೆಯ ಸ್ಟೂಲಿನಿಂದ ಏಳಲು ಆಗದೆ ನಮ್ಮ ಯಜಮಾನರನ್ನು ಕೂಗಿದೆ. ಅವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮನೆಯ ವೈದ್ಯರೂ ಆಗಿದ್ದರು. ಒಂದು ದಿನ ವಿಟಮಿನ್ ಕಡಿಮೆ ಎಂದರು, ಮರುದಿನ ಗ್ಯಾಸ್ ಎಂದರು. ಅವತ್ತು ಮಾತ್ರ ಕಂಕುಳಿಗೆ ಕೈ ಹಾಕಿ ಎತ್ತಿ, ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯಲ್ಲಿ ನನ್ನ ಕಾಯಿಲೆಗೆ ಎರಡು ಫ್ರೆಂಚ್ ಹೆಸರು ಸೇರಿಸಿ ಒಂದು ಹೆಸರು ಹೇಳಿದರು. ಕೇಳಿದರೆ ಯಾವುದೋ ದುಬಾರಿ ಬಟ್ಟೆ ಅಂಗಡಿಯ ಹೆಸರಿನಂತಿತ್ತು. ನನ್ನ ದೇಹ ನನ್ನದೇ ನರಗಳ ಮೇಲೆ ಮುನಿಸಿಕೊಂಡಿದೆ, ಮುನಿಸು ಇಳಿಯುತ್ತದೆ, ಆದರೆ ಎಷ್ಟು ಮೇಲಕ್ಕೆ ಏರಿ ಇಳಿಯುತ್ತದೆ ಹೇಳಲಾಗದು ಎಂದು ಅರ್ಥ ಮಾಡಿಕೊಂಡೆ. ಎದೆಯವರೆಗೆ ಬಂದರೆ ಉಸಿರಾಟಕ್ಕೆ ಯಂತ್ರ ಬೇಕಾಗುತ್ತದೆ. ಅದನ್ನು ತಿಳಿಯಲು ಗಂಟೆಗೊಮ್ಮೆ ನರ್ಸ್ ಬಂದು, "ಒಂದೇ ಉಸಿರಲ್ಲಿ ಎಣಿಸಿ ಮೇಡಂ, ಎಷ್ಟಾಗುತ್ತೋ ಅಷ್ಟು" ಎನ್ನುತ್ತಿದ್ದಳು. ಮೊದಲ ದಿನ ಮೂವತ್ತೆರಡು. ಮರುದಿನ ಹತ್ತೊಂಬತ್ತು. ಆಮೇಲೆ ಹದಿನಾಲ್ಕು. ಜೀವಮಾನವಿಡೀ ಅಂಕಿಗಳ ಜೊತೆ ಸರಸವಾಡಿದವಳಿಗೆ ಅಂಕಿ ಎಂದರೆ ಭಯ ಶುರುವಾಯಿತು. ಹನ್ನೊಂದಕ್ಕೆ ಬಂದು ನಿಂತಿತು. ಎರಡು ದಿನ ಅಲ್ಲೇ ನಿಂತು, ಒಂದು ಮಧ್ಯಾಹ್ನ ಹನ್ನೆರಡಾಯಿತು. ಆ ಹನ್ನೆರಡನ್ನು ಕೇಳಿ ನಮ್ಮ ಯಜಮಾನರು ಕಾರಿಡಾರಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಅತ್ತರಂತೆ. ಅದನ್ನು ನನಗೆ ಹೇಳಿದ್ದು ದಿನಾ ನನ್ನ ತಲೆ ಬಾಚಿ ಬಿಗಿಯಾಗಿ ಜಡೆ ಹಾಕುತ್ತಿದ್ದ ಆಯಾ. ಆ ಜಡೆಯ ಋಣ ನನ್ನ ಮೇಲಿದೆ.

ಒಂದೂವರೆ ತಿಂಗಳಾದ ಮೇಲೆ ಗಾಲಿಕುರ್ಚಿಯಲ್ಲಿ ಕುಮಾರಸ್ವಾಮಿ ಲೇಔಟಿನ ಮನೆಗೆ ಬಂದೆ. ಕೈಯಲ್ಲಿ ಅಲ್ಪಸ್ವಲ್ಪ ಬಲ, ಕಾಲಲ್ಲಿ ಇಲ್ಲವೇ ಇಲ್ಲ. ಅಲ್ಲಿಂದ ಶುರುವಾಯಿತು ಎಲ್ಲರ ಒಳ್ಳೆಯತನ. ನೋಡಲು ಬಂದವರು ನನ್ನ ತಲೆಯ ಮೇಲಿಂದ ನಮ್ಮ ಯಜಮಾನರನ್ನು ಕೇಳುತ್ತಿದ್ದರು: "ಮಾತ್ರೆ ಸರಿಯಾಗಿ ನುಂಗ್ತಾರಾ?" ನುಂಗುವ ಬಾಯಿ ಇಲ್ಲೇ ಇದೆ, ಅದನ್ನೇ ಕೇಳಬಾರದೇ? ಹೆಡ್ ಮಿಸ್ಟ್ರೆಸ್ ಫೋನ್ ಮಾಡಿ, ಜೂನ್‌ನಲ್ಲಿ ಬಂದರೆ ಲೈಬ್ರರಿಯಲ್ಲಿ ಆರಾಮವಾಗಿ ಕೂತಿರಬಹುದು, ಮಕ್ಕಳ ಕಾಟವಿರುವುದಿಲ್ಲ ಎಂದರು. ಯಜಮಾನರು ದೋಸೆಯನ್ನು ಚೂರು ಚೂರು ಮಾಡಿ ತಟ್ಟೆಯಲ್ಲಿ ಜೋಡಿಸಿ ಕೊಡುತ್ತಿದ್ದರು. ಪ್ರೀತಿಯಿಂದಲೇ ಕೊಡುತ್ತಿದ್ದರು. ಆ ಚೂರುಗಳನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಆ ತಿಂಗಳುಗಳಲ್ಲಿ ನನಗೆ ಬೇಕಾಗಿದ್ದದ್ದು ಒಂದೇ. ಯಾರಾದರೂ ಒಬ್ಬರು ನನ್ನ ಜೊತೆ ಪೂರ್ತಿ ಮನುಷ್ಯಳ ಹತ್ತಿರ ಮಾತಾಡಿದ ಹಾಗೆ ಮಾತಾಡಬೇಕು.

ಅಂಥವಳೊಬ್ಬಳು ಸಿಕ್ಕಿದ್ದು ಜೆ.ಪಿ. ನಗರದ ಫಿಸಿಯೋಥೆರಪಿ ಕೇಂದ್ರದಲ್ಲಿ. ಹಳೇ ಮನೆಯೊಂದರ ಕೆಳಮಹಡಿ. ಉದ್ದನೆಯ ಹಾಲ್, ಮಧ್ಯೆ ಹಿಡಿದುಕೊಂಡು ನಡೆಯಲು ಎರಡು ಸಮಾನಾಂತರ ಕಂಬಿ, ಎದುರಿಗೆ ದೊಡ್ಡ ಕನ್ನಡಿ, ಗೋಡೆ ಪಕ್ಕ ಕಾಯುವವರ ಬೆಂಚು. ಮೊದಲ ದಿನ ನಾನು ಬಲಗಾಲಿನ ಹೆಬ್ಬೆರಳನ್ನು ಒಂದಿಷ್ಟು ಅಲ್ಲಾಡಿಸಿದೆ. "ಸೂಪರ್ ಆಂಟಿ!" ಎಂದು ಫಿಸಿಯೋಥೆರಪಿಸ್ಟ್ ಅರ್ಚನಾ ಚಪ್ಪಾಳೆ ತಟ್ಟಿದಳು. ಬೆಂಚಿನಲ್ಲಿದ್ದವರೆಲ್ಲ ತಟ್ಟಿದರು. ಒಬ್ಬಳು ಮಾತ್ರ ತಟ್ಟಲಿಲ್ಲ. ಹತ್ತು ವರ್ಷದ ಹುಡುಗಿ, ಎರಡು ಕಾಲಿಗೂ ಆಧಾರದ ಪಟ್ಟಿ, ಪಕ್ಕದಲ್ಲಿ ವಾಕರ್.

"ಬೆರಳು ಅಲ್ಲಾಡಿದ್ದಕ್ಕೆ ಯಾಕೆ ಚಪ್ಪಾಳೆ? ಅವ್ರು ಇನ್ನೂ ನಿಂತೇ ಇಲ್ವಲ್ಲ!"

"ಏ ಸಿಂಚನಾ, ಬಾಯ್ಮುಚ್ಚು! ಏನೂ ಅಂದ್ಕೋಬೇಡಿ ಮೇಡಂನೋರೆ, ಇವ್ಳ ಬಾಯೇ ಇಷ್ಟು" ಎಂದರು ಅವಳ ಅಮ್ಮ ಮಂಜುಳಾ.

ನಾನು ಎಷ್ಟೋ ವಾರಗಳ ನಂತರ ಹೊಟ್ಟೆ ತುಂಬ ನಕ್ಕೆ.

ಸಾರಕ್ಕಿಯ ಹಳೇ ಮನೆತನದ ಮಗು ಅದು. ತಾತನ ಕಾಲದಲ್ಲಿ ಕೆರೆ ಪಕ್ಕ ಹೊಲವಿತ್ತು, ಈಗ ಅಲ್ಲಿ ಬಾಡಿಗೆ ಮನೆಗಳು. ಹುಟ್ಟಿದಾಗಿನಿಂದ ಕಾಲಿನ ಸ್ನಾಯುಗಳು ಬಿಗಿ, ಬಲಗೈ ಕೂಡ ಸ್ವಲ್ಪ ಬಿಗಿ. ಹಿಮ್ಮಡಿ ನೆಲಕ್ಕೆ ತಾಕುವುದಿಲ್ಲ, ತುದಿಗಾಲಿನಲ್ಲೇ ನಡಿಗೆ. ನಾಲ್ಕು ವರ್ಷದಿಂದ ಆ ಕೇಂದ್ರಕ್ಕೆ ಬರುತ್ತಿದ್ದಳು, ಆದ್ದರಿಂದ ಅಲ್ಲಿಗೆ ನಮ್ಮೆಲ್ಲರಿಗಿಂತ ಸೀನಿಯರ್. ನಾನು ಶಾಲೆಯ ಟೀಚರ್ ಎಂದು ತಿಳಿದ ಮೇಲೆ 'ಮಿಸ್' ಎನ್ನತೊಡಗಿದಳು. ಆದರೆ ಹೇಳಿಕೊಡುತ್ತಿದ್ದದ್ದು ಅವಳೇ.

ಬೆರಳಿಗೆ ವ್ಯಾಯಾಮವಾಗಲಿ ಎಂದು ಅರ್ಚನಾ ಒಂದು ಪ್ಲೈವುಡ್ ಹಲಗೆಯ ಮೇಲೆ ಚೌಕಾಬಾರದ ಮನೆ ಬರೆದಿಟ್ಟಿದ್ದಳು. ನಾವಿಬ್ಬರೂ ನಮ್ಮ ಸರದಿ ಕಾಯುವ ಅರ್ಧ ಗಂಟೆ ಅದನ್ನು ಆಡಬೇಕು. ಆಡಿ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ: ಕವಡೆ ಹಾಕಿ, ಬಿದ್ದ ಗರದಷ್ಟು ಮನೆ ಕಾಯಿ ನಡೆಸಬೇಕು. ಎದುರಾಳಿಯ ಕಾಯಿ ಇರುವ ಮನೆಗೆ ನಮ್ಮ ಕಾಯಿ ಬಂದರೆ ಅದನ್ನು ಕಡಿದ ಹಾಗೆ, ಅದು ಮತ್ತೆ ಮೊದಲಿನಿಂದ ಬರಬೇಕು. ಒಂದನ್ನಾದರೂ ಕಡಿಯದೆ ನಮ್ಮ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ. ಒಳಗೆ ಹೋಗಿ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು, ನಾಲ್ಕನ್ನೂ ಮೊದಲು ಹಣ್ಣು ಮಾಡಿದವರು ಗೆದ್ದ ಹಾಗೆ.

ಸಿಂಚನಾ ಬಲಗೈಯಿಂದ ಹಾಕಿದರೆ ಕವಡೆ ಎತ್ತಲೋ ಹಾರುತ್ತಿದ್ದವು. ಅದಕ್ಕೆ ಅವಳೇ ಒಂದು ಸ್ಟೀಲ್ ಲೋಟ ತಂದಿಟ್ಟುಕೊಂಡಿದ್ದಳು. ಲೋಟದಲ್ಲಿ ಕುಲುಕಿ ಹಲಗೆಯ ಮೇಲೆ ಬೋರಲು ಹಾಕುವುದು. ನನ್ನ ಬೆರಳಿನ ಸಂದಿಯಿಂದ ಕವಡೆ ಜಾರಿದ್ದನ್ನು ನೋಡಿ, ಅಯ್ಯೋ ಎನ್ನಲಿಲ್ಲ, ಮುಖ ತಿರುಗಿಸಲಿಲ್ಲ. "ನೀವೂ ಲೋಟ ತಗೊಳ್ಳಿ ಮಿಸ್" ಎಂದಳು, ಅಷ್ಟೇ. ಕೆಳಗೆ ಕೂರಲು ಅವಳಿಗೆ ಆಗದು, ಹಲಗೆಯನ್ನು ಸ್ಟೂಲಿನ ಮೇಲೆ ಇಡಿ ಎಂದು ಕೇಳುತ್ತಿದ್ದಳು. ಯೋಚಿಸಲು ಹೊತ್ತು ಬೇಕಾದರೆ "ಇರಿ, ಅವಸರ ಮಾಡ್ಬೇಡಿ" ಎನ್ನುತ್ತಿದ್ದಳು. ಬೇಕಾದದ್ದನ್ನು ಸಂಕೋಚವಿಲ್ಲದೆ ಕೇಳುವುದು ಅವಳಿಗೆ ಬರುತ್ತಿತ್ತು. ಆ ವಿದ್ಯೆ ಐವತ್ನಾಲ್ಕು ವರ್ಷದ ನನಗೆ ಬರುತ್ತಿರಲಿಲ್ಲ.

ಇಂಥ ಹುಡುಗಿಗೆ ನಾನು ಏನು ಮಾಡಿದೆ? ಹತ್ತು ದಿನ ಬೇಕೆಂದೇ ಸೋತೆ.

ಎಲ್ಲ ದೊಡ್ಡವರೂ ಮಾಡುವುದೇ. ಆ ಪುಟ್ಟ ಮುಖ ಗೆಲುವಿನಲ್ಲಿ ಅರಳಿದರೆ ನನಗೇನು ನಷ್ಟ ಎಂದುಕೊಂಡೆ. ಅವಳ ಕಾಯಿ ನನ್ನ ಗರಕ್ಕೆ ಸರಿಯಾಗಿ ಸಿಕ್ಕಿದಾಗೆಲ್ಲ ನೋಡಿಯೂ ನೋಡದವಳಂತೆ ಬೇರೆ ಕಾಯಿ ನಡೆಸುತ್ತಿದ್ದೆ. ಹನ್ನೊಂದನೇ ದಿನ ಅವಳು ಲೋಟ ಕೆಳಗಿಟ್ಟಳು.

"ಮಿಸ್, ನಿಮ್ಮ ನಾಲ್ಕು ಕಾಯೂ ಹೊರಗಡೇನೇ ಸುತ್ತುತ್ತಾ ಇವೆ. ಒಂದಾದ್ರೂ ಕಡೀದೆ ಒಳಗೆ ಹೋಗೋಕಾಗಲ್ಲ ಅಂತ ಗೊತ್ತಿಲ್ವಾ?"

"ಗೊತ್ತು ಪುಟ್ಟಾ."

"ಮತ್ತೆ? ಈಗ ಮೂರು ಬಿತ್ತು. ಮೂರನೇ ಮನೇಲಿ ನನ್ನ ಕಾಯಿ ಇತ್ತು. ನೀವು ಆ ಕಡೆ ಕಾಯಿ ನಡೆಸಿದ್ರಿ. ನಿನ್ನೇನೂ ಹಂಗೇ ಮಾಡಿದ್ರಿ."

"ನೋಡ್ಲಿಲ್ಲ ಕಣೇ."

"ಮೂರು ಮನೆ ಎಣಿಸೋಕೆ ಬರಲ್ವಾ? ಮ್ಯಾಥ್ಸ್ ಮಿಸ್ ಅಲ್ವಾ ನೀವು?"

ಅವಳು ಕವಡೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. ಅವಳ ಬೆರಳಿಗೆ ಅದು ಎಷ್ಟು ಹೊತ್ತಿನ ಕೆಲಸ ಎಂದು ನನಗೆ ಗೊತ್ತು, ಆ ಹೊತ್ತಷ್ಟೂ ನಾನು ತಲೆ ತಗ್ಗಿಸಿ ಕೂತಿದ್ದೆ.

"ಮನೇಲೂ ಎಲ್ಲಾರೂ ಹಿಂಗೇ ಮಾಡ್ತಾರೆ. ನೀವು ಹಂಗಲ್ಲ ಅಂದ್ಕೊಂಡಿದ್ದೆ" ಎಂದು ವಾಕರ್ ಹಿಡಿದು ಎದ್ದು ಬೆಂಚಿನ ಆ ತುದಿಗೆ ಹೋಗಿಬಿಟ್ಟಳು.

ಮರುದಿನ ಅವಳು ನನ್ನ ಕಡೆ ತಿರುಗಲಿಲ್ಲ. ಅದರ ಮರುದಿನವೂ ಇಲ್ಲ. ಮಂಜುಳಾ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಹೇಳಿದರು, "ತಪ್ಪು ನಂದೇ ಮೇಡಂನೋರೆ. ಇವಳ ಕಾಯಿ ಯಾರೂ ಕಡೀಬೇಡಿ ಅಂತ ಅವಳ ಚಿಕ್ಕಪ್ಪನ ಮಕ್ಕಳಿಗೆಲ್ಲ ನಾನೇ ಹೇಳಿದೀನಿ. ಅವಳಿಗಿರೋ ಕಷ್ಟವೇ ಸಾಕಲ್ವಾ, ಆಟದಲ್ಲಾದ್ರೂ ಗೆಲ್ಲಲಿ ಅಂತ." ಆಮೇಲೆ ಇನ್ನೂ ದನಿ ತಗ್ಗಿಸಿದರು. "ಬೇಸಿಗೆ ರಜಕ್ಕೆ ಹಿಮ್ಮಡಿ ಆಪರೇಷನ್ ಅಂತ ಬರ್ದಿದಾರೆ. ಏನೂ ನೋವಾಗಲ್ಲ ಅಂತ ಹೇಳಿದೀವಿ. ನಂಬ್ತಾನೇ ಇಲ್ಲ. ನಿಮ್ಮ ಮಾತಾದ್ರೆ ಕೇಳ್ತಾಳೆ, ನೀವೂ ಹಂಗೇ ಒಂದು ಮಾತು ಹೇಳಿ." ನಾನು ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನನ್ನ ಮಾತನ್ನು ಅವಳು ಇನ್ನು ಯಾಕೆ ಕೇಳುತ್ತಾಳೆ ಎಂದುಕೊಂಡೆ.

ಮನೆಗೆ ಬರುವ ಆಟೋದಲ್ಲಿ ಸಾರಕ್ಕಿ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡು ಕೂತಾಗ ಹಳೆಯದೊಂದು ನೆನಪಾಯಿತು. ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಊರುಗೋಲಿನ ಹುಡುಗನೊಬ್ಬನಿದ್ದ. ಅವನನ್ನು ನಾನು ಒಮ್ಮೆಯೂ ಬೋರ್ಡಿನ ಹತ್ತಿರ ಕರೆದಿರಲಿಲ್ಲ. ಅವನು ಎದ್ದು ಬರಲು ಒದ್ದಾಡುವುದನ್ನು ಮಕ್ಕಳು ನೋಡುವುದು ಬೇಡ ಎಂದು. ಹೋಂವರ್ಕ್ ಮಾಡದಿದ್ದರೆ ಅವನಿಗೆ ಬೈಗುಳವಿಲ್ಲ. ಎರಡು ಅಂಕ ಜಾಸ್ತಿಯೇ ಹಾಕಿದ್ದೇನೆ. ಒಳ್ಳೆಯ ಮಿಸ್ ಎಂದು ಅವನ ತಂದೆ ತಾಯಿ ಕೈ ಮುಗಿದು ಹೋಗಿದ್ದರು. ಆ ಹುಡುಗನಿಗೆ ಗಣಿತ ಬರುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ದೋಸೆಯ ಚೂರಿಗೆ ನಾನು ಉರಿದುಬೀಳುತ್ತಿದ್ದೆನಲ್ಲ, ನಾನು ಎಷ್ಟು ತಟ್ಟೆಗಳಲ್ಲಿ ಅಂಥ ಚೂರು ಬಡಿಸಿದ್ದೇನೋ! ಆಟೋದಲ್ಲೇ ಅತ್ತೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ನೋವಾ ಆಂಟಿ? ಹಂಪ್ ಬಂದ್ರೆ ನಿಧಾನಕ್ಕೆ ಹೋಗ್ತೀನಿ ಬಿಡಿ" ಎಂದ.

ಸಂಜೆ ಯಜಮಾನರಿಗೆ, ನನ್ನ ದೋಸೆ ಇನ್ನು ನಾನೇ ಮುರಿದುಕೊಳ್ಳುತ್ತೇನೆ ಎಂದೆ. ಅವರ ಮುಖ ಚಿಕ್ಕದಾಯಿತು. ಎರಡು ದಿನ ಕಾದು ನೋಡಿದರು, ಮೂರನೇ ದಿನ ಒಂದು ಕೆಜಿ ಹುರುಳಿಕಾಯಿ, ಚಾಕು, ತಟ್ಟೆ ತಂದು ನನ್ನ ಮುಂದಿಟ್ಟು ಪೇಪರ್ ಓದಲು ಹೋದರು. ಪಲ್ಯ ಆಗಿದ್ದು ಮಧ್ಯಾಹ್ನ ಮೂರು ಗಂಟೆಗೆ. ಇಬ್ಬರೂ ಹಸಿದು ಜಗಳವಾಡಿಕೊಂಡು ಉಂಡೆವು. ಮದುವೆಯಾದಾಗಿನಿಂದ ಉಂಡ ಒಳ್ಳೆಯ ಊಟಗಳಲ್ಲಿ ಅದೂ ಒಂದು.

ಸಿಂಚನಾಳ ಹತ್ತಿರ ಅಷ್ಟು ಸುಲಭವಾಗಲಿಲ್ಲ. ಬೆಂಚಿನ ಆ ತುದಿಯವರೆಗೆ ಗಾಲಿಕುರ್ಚಿ ತಳ್ಳಿಸಿಕೊಂಡು ಹೋಗಿ "ಸಾರಿ" ಎಂದೆ.

"ಸಾರಿ ಬೇಡ. ಆಡ್ತೀರಾ?"

"ಆಡ್ತೀನಿ."

"ಕಡೀತೀರಾ?"

"ಸಿಕ್ಕಿದ್ರೆ ಬಿಡಲ್ಲ."

ಅವತ್ತಿನ ಆಟವನ್ನು ನಾನು ಮರೆಯುವುದಿಲ್ಲ. ಮೊದಲ ಸುತ್ತಿನಲ್ಲೇ ಅವಳ ಒಂದು ಕಾಯಿ ಕಡಿದೆ. ಹುಬ್ಬು ಗಂಟಿಕ್ಕಿದಳು, ಆದರೆ ಕಣ್ಣು ಹೊಳೆಯುತ್ತಿತ್ತು. ನನ್ನ ಎರಡು ಕಾಯಿ ಕಡಿದು ಬಡ್ಡಿ ಸಮೇತ ತೀರಿಸಿದಳು. ಒಮ್ಮೆ ನನ್ನ ಕೈ ನಡುಗಿ ಲೋಟದಿಂದ ಕವಡೆ ನೆಲಕ್ಕೆ ಬಿದ್ದವು. ಅರ್ಚನಾ ಎತ್ತಿಕೊಟ್ಟು, "ಪರವಾಗಿಲ್ಲ ಆಂಟಿ, ಇನ್ನೊಂದ್ಸಲ ಹಾಕಿ" ಎಂದಳು.

"ಇಲ್ಲ ಅಕ್ಕಾ, ನೆಲಕ್ಕೆ ಬಿದ್ರೆ ಗರ ಇಲ್ಲ. ನಂಗೂ ಅದೇ ರೂಲ್ಸು" ಎಂದಳು ಸಿಂಚನಾ.

ಆ ಗರ ಹೋಯಿತು. ಹೋದದ್ದಕ್ಕೆ ನನಗಾದ ಖುಷಿ ಹೇಳತೀರದು.

ಕೊನೆಗೆ ಅವಳ ಮೂರು ಕಾಯಿ ಹಣ್ಣಾಗಿದ್ದವು. ನಾಲ್ಕನೆಯದು ನಡುಮನೆಗೆ ಎರಡೇ ಮನೆ ದೂರ. ನನ್ನವೂ ಮೂರು ಹಣ್ಣು, ಉಳಿದ ಒಂದು ಅವಳ ಕಾಯಿಗಿಂತ ಮೂರು ಮನೆ ಹಿಂದೆ. ಬೆಂಚಿನ ಮೇಲಿದ್ದವರೆಲ್ಲ ಕತ್ತು ಚಾಚಿದ್ದರು. ಮಂಜುಳಾ ನನ್ನನ್ನೇ ನೋಡುತ್ತಿದ್ದರು. ಲೋಟ ಬೋರಲು ಹಾಕಿ ಎತ್ತಿದೆ. ಮೂರು.

ನಿಜ ಹೇಳುತ್ತೇನೆ, ಕೈ ಹಿಂದೇಟು ಹಾಕಿತು. ಬೇರೆ ಕಾಯಿ ಇದ್ದಿದ್ದರೆ ಅದನ್ನೇ ನಡೆಸಿಬಿಡುತ್ತಿದ್ದೆನೋ ಏನೋ. ಮೂರು ಮನೆ ಎಣಿಸಿದೆ, ಅವಳ ಕಾಯಿ ಎತ್ತಿ ಹೊರಗಿಟ್ಟೆ.

ಅವಳ ಕೆಳತುಟಿ ನಡುಗಿತು. ಆಮೇಲೆ ದೊಡ್ಡ ದನಿಯಲ್ಲಿ ಅಳು. ಹಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದ ರೀತಿ! "ಏನ್ ಮೇಡಂನೋರೆ, ದೊಡ್ಡೋರು ನೀವು..." ಎಂದು ಮಂಜುಳಾ ಎದ್ದರು. ಅವಳ ತಲೆ ಸವರಬೇಕು, ಇನ್ನೊಂದು ಅವಕಾಶ ಕೊಡುತ್ತೇನೆ ಎನ್ನಬೇಕು ಎಂದು ನನ್ನ ಕರುಳು ಕಿತ್ತುಬಂತು. ಎರಡೂ ಕೈಗಳನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತೆ. ಕಾಯಿಲೆಯುದ್ದಕ್ಕೂ ನಾನು ಮಾಡಿದ ಅತಿ ಕಷ್ಟದ ವ್ಯಾಯಾಮ ಅದು.

ಸಿಂಚನಾ ತೋಳಿನಿಂದ ಮೂಗೊರೆಸಿಕೊಂಡಳು. "ಅಮ್ಮಾ, ನೀನು ಸುಮ್ನಿರು. ನನ್ನಾಟ ಇದು." ಬಿಕ್ಕುತ್ತಲೇ ನನ್ನ ಕಡೆ ತಿರುಗಿದಳು. "ಕಡಿದ್ರೆ ಇನ್ನೊಂದು ಗರ ಇದೆ ಮಿಸ್ ನಿಮ್ಗೆ. ಹಾಕಿ."

ಆ ಮಗುವಿನ ಮುಂದೆ ನಾನು ಮನಸ್ಸಿನಲ್ಲೇ ಎದ್ದು ನಿಂತೆ. ಅಳುತ್ತಾ ಅಳುತ್ತಾ ಎದುರಾಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವ ಮನುಷ್ಯರು ಎಷ್ಟು ಜನ ಇದ್ದಾರೆ? ಆ ಆಟ ನಾನು ಗೆದ್ದೆ. ಅದಾದ ಮೇಲೆ ಅವಳು ನನ್ನನ್ನು ಎಷ್ಟು ಸಲ ಸೋಲಿಸಿದಳೋ ಲೆಕ್ಕವಿಟ್ಟಿಲ್ಲ. ಒಂದನ್ನೂ ನಾನು ಕೊಟ್ಟದ್ದಲ್ಲ.

ಕಂಬಿಗಳ ನಡುವೆ ನಾನು ನಡೆಯಲು ಕಲಿತದ್ದು ಅವಳ ಕಣ್ಣಿನ ಕೆಳಗೆ. "ಸೊಂಟ ಆಡಿಸ್ಬೇಡಿ." "ಕನ್ನಡಿ ನೋಡಿ, ಕಾಲು ನೋಡ್ಬೇಡಿ." ಕಂಬಿ ಬಿಟ್ಟು ಮೊದಲ ಬಾರಿಗೆ ತಿರುಗಿ ನಿಂತ ದಿನ ಅವಳು ತಲೆಯಾಡಿಸಿ, "ಹ್ಞಾಂ, ಇದಕ್ಕೆ ಚಪ್ಪಾಳೆ ತಟ್ಬಹುದು" ಎಂದು ತಟ್ಟಿದಳು. ಅವತ್ತೇ ಮನೆಗೆ ಬಂದು ಹೆಡ್ ಮಿಸ್ಟ್ರೆಸ್‌ಗೆ ಫೋನ್ ಮಾಡಿದೆ. ಲೈಬ್ರರಿ ಬೇಡ, ನನ್ನ ಏಳನೇ ತರಗತಿ ಕೊಡಿ, ಕೆಳಮಹಡಿಯ ಕೋಣೆ ಮತ್ತು ಬೋರ್ಡಿನ ಪಕ್ಕ ಒಂದು ಎತ್ತರದ ಸ್ಟೂಲ್ ಬೇಕು, ಪಾಠ ಸರಿಯಿಲ್ಲದಿದ್ದರೆ ಎಲ್ಲರಿಗೂ ಹೇಳುವ ಹಾಗೆ ಹೇಳಿ ಎಂದೆ. ಒಪ್ಪಿದರು. ಈಗ ಆ ಸ್ಟೂಲಿನ ಮೇಲೆ ಕೂತೇ ಗದರುತ್ತೇನೆ.

ಸಿಂಚನಾಳ ಆಪರೇಷನ್ ಚೆನ್ನಾಗಿಯೇ ಆಯಿತು, ಈಗ ಅವಳ ಹಿಮ್ಮಡಿ ನೆಲ ಮುಟ್ಟುತ್ತದೆ. ಇದನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳಬೇಕೆಂದಿರುವುದು ಅದರ ಹಿಂದಿನ ವಾರದ್ದು.

ಅವತ್ತು ಮಂಜುಳಾ ಎಳನೀರು ತರಲು ಆಚೆ ಹೋಗಿದ್ದರು. ಆಟ ಅರ್ಧದಲ್ಲಿತ್ತು. ಸಿಂಚನಾ ಲೋಟವನ್ನು ಕುಲುಕುತ್ತಾ ಕುಲುಕುತ್ತಾ ನಿಲ್ಲಿಸಿದಳು.

"ಮಿಸ್, ಆಪರೇಷನ್ ನೋವಾಗುತ್ತಾ?"

"ಎಲ್ಲರೂ ಏನು ಹೇಳಿದ್ರು?"

"ಏನೂ ಆಗಲ್ಲ ಅಂತಾರೆ. ಅಮ್ಮ, ಅಜ್ಜಿ, ಅರ್ಚನಕ್ಕ, ಎಲ್ಲಾರೂ. ಅವ್ರನ್ನ ಕೇಳ್ತಾ ಇಲ್ಲ ನಾನು. ನೀವು ನನ್ನ ಕಾಯಿ ಕಡಿದಿದೀರಲ್ಲ, ಅದಕ್ಕೆ ನಿಮ್ಮನ್ನ ಕೇಳ್ತಿದೀನಿ."

ಮಂಜುಳಾ ಕೇಳಿಕೊಂಡದ್ದು ನೆನಪಿಗೆ ಬಂತು. ಒಂದು ಕ್ಷಣ ನಾಲಿಗೆಯ ತುದಿಯಲ್ಲಿ ಸುಳ್ಳು ಸಿದ್ಧವಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾನು ಡಾಕ್ಟರಲ್ಲ. ಆದ್ರೆ ನನಗೊಂದ್ಸಲ ಹೊಟ್ಟೆ ಆಪರೇಷನ್ ಆಗಿದೆ, ಚಿಕ್ಕವಳಿದ್ದಾಗ ಕೈ ಮುರಿದು ಪ್ಲಾಸ್ಟರ್ ಹಾಕಿದಾರೆ. ಮಾಡೋವಾಗ ಗೊತ್ತಾಗಲ್ಲ, ನಿದ್ದೆ ಬರ್ಸಿರ್ತಾರೆ. ಎದ್ಮೇಲೆ ನೋವಾಗುತ್ತೆ ಸಿಂಚನಾ. ಚೆನ್ನಾಗೇ ಆಗುತ್ತೆ. ಅಳು ಬರುತ್ತೆ."

"ಎಷ್ಟು ದಿನ?"

"ಮೊದಲ ಎರಡು ಮೂರು ದಿನ ಜಾಸ್ತಿ. ಔಷಧಿ ಕೊಡ್ತಾರೆ, ಕಡಿಮೆ ಆಗುತ್ತೆ. ತಡ್ಯೋಕಾಗದಿದ್ರೆ ಕೇಳು, ಕೇಳೋದು ನಿಂಗೆ ಚೆನ್ನಾಗಿ ಬರುತ್ತೆ. ಆಮೇಲೆ ಪ್ಲಾಸ್ಟರ್ ಒಳಗೆ ತುರಿಕೆ. ನೋವಿಗಿಂತ ಅದೇ ದೊಡ್ಡ ಕಾಟ."

ಅವಳು ಹಲಗೆಯ ಮೂರು ಮನೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು. ಮುಖ ಬಿಳುಪೇರಿತ್ತು. ತಪ್ಪು ಮಾಡಿದೆನೇನೋ ಎನಿಸಿತು. ಆಮೇಲೆ ಉದ್ದಕ್ಕೆ ಉಸಿರು ಬಿಟ್ಟು, "ಮೂರು ದಿನ ಅಲ್ವಾ, ಸರಿ" ಎಂದಳು.

ಅಷ್ಟರಲ್ಲಿ ಮಂಜುಳಾ ಎರಡು ಕೈಯಲ್ಲೂ ಎಳನೀರು ಹಿಡಿದು ಬಾಗಿಲ ಹತ್ತಿರ ಕಾಣಿಸಿದರು. ಸಿಂಚನಾ ನನ್ನ ಕಡೆ ಬಗ್ಗಿ ಪಿಸುಗುಟ್ಟಿದಳು, "ಅಮ್ಮಂಗೆ ಹೇಳ್ಬೇಡಿ ಮಿಸ್. ಅವಳು ತಡ್ಕೊಳ್ಳಲ್ಲ."

ಮಂಜುಳಾ ಹತ್ತಿರ ಬಂದು ನಮ್ಮಿಬ್ಬರ ಮುಖ ನೋಡಿದರು. "ಏನು ಅಷ್ಟೊಂದು ಗುಟ್ಟು?"

"ಏನಿಲ್ಲಮ್ಮ" ಎಂದು ಸಿಂಚನಾ ಎಳನೀರಿಗೆ ಕೈ ಚಾಚಿದಳು. "ಆಪರೇಷನ್ ವಿಷ್ಯ ಕೇಳ್ತಿದ್ದೆ. ಏನೂ ನೋವಾಗಲ್ವಂತೆ. ಮಿಸ್ಸೇ ಹೇಳಿದ್ರು."